ಕ್ಯೂಆರ್ ಹಾಳೆಯ ಹಿಂದಿನ ಕಾನೂನು: ಅಂತರ್ಜಾಲ ನೀತಿ ಕ್ಷೇತ್ರದಲ್ಲಿ ವೃತ್ತಿ

ಪ್ರಶ್ನೆ: ಮಾನ್ಯರೇ, ನಾನು ಹಾವೇರಿ ಜಿಲ್ಲೆಯವಳು. ಪಿಯುಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಈಗ ಅರ್ಥಶಾಸ್ತ್ರ ಮತ್ತು ರಾಜ್ಯಶಾಸ್ತ್ರದೊಂದಿಗೆ ಬಿ.ಎ. ಕೊನೆಯ ವರ್ಷದಲ್ಲಿದ್ದೇನೆ. ನಮ್ಮದು ಸಣ್ಣ ಕಿರಾಣಿ ಅಂಗಡಿ. 2025ರ ಜುಲೈನಲ್ಲಿ ಯುಪಿಐ ವಹಿವಾಟನ್ನು ಆಧರಿಸಿ ವ್ಯಾಪಾರಿಗಳಿಗೆ ತೆರಿಗೆ ನೋಟಿಸ್ ಬರುತ್ತಿದೆ ಎಂಬ ಸುದ್ದಿ ಕೇಳಿ, ಅಪ್ಪ ಗಲ್ಲಾದ ಮುಂದೆ ಅಂಟಿಸಿದ್ದ ಕ್ಯೂಆರ್ ಹಾಳೆಯನ್ನು ಕಿತ್ತು, ರಟ್ಟಿನ ಮೇಲೆ ‘ನಗದು ಮಾತ್ರ’ ಎಂದು ಬರೆದು ನೇತುಹಾಕಿದರು. ಇಂಥ ನಿಯಮಗಳನ್ನು ಯಾರು ಮಾಡುತ್ತಾರೆ, ಮಾಡುವಾಗ ನಮ್ಮಂಥವರನ್ನು ಯಾರಾದರೂ ಕೇಳುತ್ತಾರೆಯೇ ಎಂಬ ಯೋಚನೆ ಅಂದಿನಿಂದ ಹತ್ತಿದೆ. ‘ಇಂಟರ್ನೆಟ್ ಪಾಲಿಸಿ’ ಎಂಬ ಕ್ಷೇತ್ರವೇ ಇದೆ ಎಂದು ನಮ್ಮ ಅಧ್ಯಾಪಕರೊಬ್ಬರು ಹೇಳಿದರು. ಕಾನೂನನ್ನಾಗಲಿ ಎಂಜಿನಿಯರಿಂಗನ್ನಾಗಲಿ ಓದದ, ಇಂಗ್ಲಿಷ್ ಅಷ್ಟಕ್ಕಷ್ಟೇ ಇರುವ ನನಗೆ ಅಲ್ಲಿ ಜಾಗವಿದೆಯೇ? ಎಲ್ಲಿಂದ ಆರಂಭಿಸಲಿ?

ಉತ್ತರ: ನಿಮ್ಮ ತಂದೆಯವರು ಕಿತ್ತ ಆ ಹಾಳೆಯನ್ನೇ ಎದುರಿಗಿಟ್ಟುಕೊಂಡು ಮಾತನಾಡೋಣ, ಈ ಕ್ಷೇತ್ರ ಏನೆಂಬುದನ್ನು ಅದಕ್ಕಿಂತ ಚೆನ್ನಾಗಿ ತೋರಿಸುವ ವಸ್ತು ನನಗೆ ಕಾಣುತ್ತಿಲ್ಲ. ಗಿರಾಕಿಯೊಬ್ಬರು ಅರ್ಧ ಕೆ.ಜಿ. ತೊಗರಿಬೇಳೆ ಕೊಂಡು, ಮೊಬೈಲ್ ಎತ್ತಿ ಸ್ಕ್ಯಾನ್ ಮಾಡಿದೊಡನೆ ಸೌಂಡ್ ಬಾಕ್ಸ್ ಮೊತ್ತವನ್ನು ಕೂಗಿ ಹೇಳುತ್ತದೆ. ಆ ಎರಡು ಕ್ಷಣಗಳ ಹಿಂದೆ ಪಾವತಿ ವ್ಯವಸ್ಥೆಗಳ ಕುರಿತ 2007ರ ಕಾಯ್ದೆಯಿದೆ, ಅದರ ಅಡಿಯಲ್ಲಿ ನಿಗಾ ವಹಿಸುವ ರಿಸರ್ವ್ ಬ್ಯಾಂಕ್ ಇದೆ, 2016ರಲ್ಲಿ ಯುಪಿಐ ಆರಂಭಿಸಿ ಇಂದಿಗೂ ಅದನ್ನು ನಡೆಸುತ್ತಿರುವ ರಾಷ್ಟ್ರೀಯ ಪಾವತಿ ನಿಗಮವಿದೆ. ಆ ಪಾವತಿಗೆ ನಿಮ್ಮ ತಂದೆಯವರು ಕಮಿಷನ್ ಕೊಡುತ್ತಿಲ್ಲವೆಂದರೆ, 2020ರ ಜನವರಿಯಿಂದ ಕೇಂದ್ರ ಸರ್ಕಾರ ವ್ಯಾಪಾರಿಗಳ ಮೇಲಿನ ಆ ಶುಲ್ಕವನ್ನು ಸೊನ್ನೆ ಮಾಡಿದ್ದೇ ಕಾರಣ. ಗಿರಾಕಿಯ ಹೆಸರು, ಫೋನ್ ಸಂಖ್ಯೆಗಳನ್ನು ಯಾರು ಯಾವ ಉದ್ದೇಶಕ್ಕೆ ಬಳಸಬಹುದು ಎಂಬುದಕ್ಕೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಿದೆ. ವರ್ಷದ ವಹಿವಾಟು ಸರಕಿನ ವ್ಯಾಪಾರದಲ್ಲಿ 40 ಲಕ್ಷ ರೂಪಾಯಿ, ಸೇವೆಯಲ್ಲಿ 20 ಲಕ್ಷ ರೂಪಾಯಿ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕೆಂಬುದು ಮತ್ತೊಂದು ಕಾನೂನು. ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ದತ್ತಾಂಶವನ್ನು ಈ ಮಿತಿಯೊಂದಿಗೆ ಹೋಲಿಸಿ ನೋಡಿದಾಗ ಹೊರಟವೇ ಆ ಜುಲೈ ತಿಂಗಳ ನೋಟಿಸ್‌ಗಳು.

ಈಗ ಸ್ವಲ್ಪ ಹತ್ತಿರದಿಂದ ನೋಡಿ. ತರಕಾರಿ, ಹಾಲು, ಹಣ್ಣಿನಂಥ ವಿನಾಯಿತಿ ಸರಕನ್ನು ಮಾತ್ರ ಮಾರುವವರಿಗೆ ವಹಿವಾಟು ಎಷ್ಟೇ ಆದರೂ ನೋಂದಣಿ ಬೇಕಿಲ್ಲ. ಆದರೆ ಪಾವತಿಯ ದತ್ತಾಂಶದಲ್ಲಿ ಮೊತ್ತ ಕಾಣುತ್ತದೆಯೇ ಹೊರತು, ಮಾರಿದ್ದು ಬದನೆಕಾಯಿಯೋ ಬಿಸ್ಕತ್ತೋ ಎಂಬುದು ಕಾಣುವುದಿಲ್ಲ. ತಮ್ಮ ಕಳುಹಿಸಿದ ಕೈಗಡ, ಸಂಘದ ಚೀಟಿ ಹಣ, ಪಕ್ಕದ ಅಂಗಡಿಯವನಿಗೆ ಚಿಲ್ಲರೆ ಕೊಟ್ಟು ಫೋನಿಗೆ ಹಾಕಿಸಿಕೊಂಡ ಐನೂರು ರೂಪಾಯಿ, ಇವೆಲ್ಲವೂ ಅದೇ ಖಾತೆಗೆ ಬಂದು, ಲೆಕ್ಕ ಹಾಕುವ ಕಂಪ್ಯೂಟರಿಗೆ ವ್ಯಾಪಾರವಾಗಿಯೇ ತೋರಬಹುದು. ವ್ಯಾಪಾರಿಗಳ ಪ್ರತಿಭಟನೆಯ ನಂತರ, ವಿನಾಯಿತಿ ಸರಕುಗಳ ಹಳೆಯ ಬಾಕಿಯನ್ನು ವಸೂಲಿ ಮಾಡುವುದಿಲ್ಲ ಎಂದು ಮುಖ್ಯಮಂತ್ರಿಗಳು ಪ್ರಕಟಿಸಿದ್ದು ನಿಮಗೆ ನೆನಪಿರಬಹುದು. ನೋಟಿಸ್ ಹೊರಡುವುದಕ್ಕೆ ಮೊದಲೇ ಯಾರಾದರೂ ಈ ಅಂತರವನ್ನು ಗುರುತಿಸಿ, ನಾಲ್ಕಾರು ಪೇಟೆಗಳ ಅಂಗಡಿಯವರನ್ನು ಕೇಳಿ, ಮೂರು ಪುಟದ ಟಿಪ್ಪಣಿಯೊಂದನ್ನು ನಿರ್ಧಾರ ಮಾಡುವವರ ಮೇಜಿನ ಮೇಲೆ ಇಟ್ಟಿದ್ದರೆ ನಿಮ್ಮ ತಂದೆಯವರಂಥ ಎಷ್ಟೋ ಜನರ ಆತಂಕ ತಪ್ಪುತ್ತಿತ್ತು ಎಂದು ನಾನು ನಂಬುತ್ತೇನೆ. ಅಂತರ್ಜಾಲ ನೀತಿಯ ವೃತ್ತಿಯ ತಿರುಳು ಇಷ್ಟೇ: ನಿಯಮವನ್ನು ಪೂರ್ತಿ ಓದುವುದು, ಅದು ತಾಗುವ ಜನರ ಬಳಿ ಹೋಗಿ ನೋಡುವುದು, ಎರಡರ ನಡುವಿನ ಅಂತರವನ್ನು ಸ್ಪಷ್ಟವಾಗಿ ಬರೆಯುವುದು. ಕಂಪ್ಯೂಟರ್ ಪ್ರೋಗ್ರಾಂ ಬರೆಯುವುದು ಇದರಲ್ಲಿ ಕಡ್ಡಾಯವಲ್ಲ. ಅಂಗಡಿಯ ಗಲ್ಲಾದ ಹಿಂದೆ ಕುಳಿತು ಗೊತ್ತಿರುವವರು ಈ ಕ್ಷೇತ್ರದಲ್ಲಿ ತೀರ ಕಡಿಮೆಯಿರುವುದರಿಂದ, ನೀವು ಕೊರತೆಯೆಂದು ಬರೆದಿರುವ ಹಿನ್ನೆಲೆಯನ್ನು ನಾನು ಬಂಡವಾಳವೆಂದೇ ಎಣಿಸುತ್ತೇನೆ.

‘ನಮ್ಮಂಥವರನ್ನು ಕೇಳುತ್ತಾರೆಯೇ’ ಎಂದಿದ್ದೀರಿ. ಕೇಳಬೇಕು ಎಂಬ ನಿಯಮ ಕಾಗದದ ಮೇಲಿದೆ. ಕೇಂದ್ರ ಸರ್ಕಾರವು 2014ರಲ್ಲಿ ಒಪ್ಪಿಕೊಂಡ ಶಾಸನಪೂರ್ವ ಸಮಾಲೋಚನಾ ನೀತಿಯ ಪ್ರಕಾರ, ಕರಡು ಕಾನೂನನ್ನು ಕನಿಷ್ಠ 30 ದಿನ ಸಾರ್ವಜನಿಕರ ಮುಂದಿಡಬೇಕು. ಎಲ್ಲ ಸಂದರ್ಭಗಳಲ್ಲೂ ಹೀಗೆ ನಡೆಯುವುದಿಲ್ಲ. ನಡೆದಾಗಲೂ ಬಹಳಷ್ಟು ಕರಡುಗಳು ಇಂಗ್ಲಿಷ್, ಹಿಂದಿಯಲ್ಲಷ್ಟೇ ಬರುತ್ತವೆ ಎಂಬುದು ನನ್ನನ್ನು ಬಹುಕಾಲದಿಂದ ಕಾಡುತ್ತಿರುವ ಕೊರಗು. ಆದರೂ ಜನರ ಮಾತು ದಾರಿ ಬದಲಿಸಿದ ಉದಾಹರಣೆಯಿದೆ. 2015ರ ಮಾರ್ಚ್‌ನಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, ಅಂತರ್ಜಾಲದ ಸೇವೆಗಳನ್ನು ಹೇಗೆ ನಿಯಂತ್ರಿಸಬೇಕು ಎಂದು 118 ಪುಟಗಳ, 20 ಪ್ರಶ್ನೆಗಳ ಸಮಾಲೋಚನಾ ಪತ್ರ ಹೊರಡಿಸಿತು. ಸಾಮಾನ್ಯರು ಅದನ್ನು ಓದುವುದು ಕಷ್ಟವೆಂದು ಅರಿತ ಸ್ವಯಂಸೇವಕರು ಅದನ್ನು ಸರಳಗೊಳಿಸಿ, ಉತ್ತರ ಬರೆದು ಕಳುಹಿಸಲು ಜಾಲತಾಣವನ್ನೇ ರೂಪಿಸಿದರು. 10 ಲಕ್ಷಕ್ಕೂ ಹೆಚ್ಚು ಮಿಂಚಂಚೆಗಳು ಟ್ರಾಯ್ ತಲುಪಿದವು. ಕೆಲವು ಜಾಲತಾಣಗಳಿಗಷ್ಟೇ ಉಚಿತ ಡೇಟಾ ಕೊಡುವ ಯೋಜನೆಗಳ ಕುರಿತು ಆ ವರ್ಷದ ಕೊನೆಯಲ್ಲಿ ಮತ್ತೊಂದು ಸಮಾಲೋಚನೆ ನಡೆಯಿತು. 2016ರ ಫೆಬ್ರುವರಿ 8ರಂದು ಟ್ರಾಯ್, ಜಾಲತಾಣ ಯಾವುದೆಂಬುದನ್ನು ನೋಡಿ ಬೇರೆ ಬೇರೆ ದರ ವಿಧಿಸುವುದನ್ನು ನಿಷೇಧಿಸಿತು. ಅಂದು 118 ಪುಟವನ್ನು ಚಿಕ್ಕದಾಗಿಸಿ ಅರ್ಥ ಕೆಡದಂತೆ ಹೇಳಿದ ಆ ಕೌಶಲವೇ ನೀವು ಕಲಿಯಬೇಕಾದದ್ದು.

ಓದಿನ ವಿಷಯ. ಬೆಂಗಳೂರಿನ ನಾಗರಬಾವಿಯ ರಾಷ್ಟ್ರೀಯ ಕಾನೂನು ಶಾಲೆಯಲ್ಲಿ 2014ರಿಂದ ಸಾರ್ವಜನಿಕ ನೀತಿಯ ಎರಡು ವರ್ಷದ ಸ್ನಾತಕೋತ್ತರ ಪದವಿಯಿದ್ದು, ಯಾವುದೇ ವಿಷಯದ ಪದವೀಧರರು ಎನ್‌ಎಲ್‌ಸ್ಯಾಟ್ ಪರೀಕ್ಷೆ ಬರೆದು ಸೇರಬಹುದು. ಎಲೆಕ್ಟ್ರಾನಿಕ್ ಸಿಟಿಯ ಐಐಐಟಿಯಲ್ಲಿ ‘ಡಿಜಿಟಲ್ ಸೊಸೈಟಿ’ ಎಂಬ ಎಂ.ಎಸ್ಸಿ. ಇದೆ, ತಂತ್ರಜ್ಞಾನವನ್ನೂ ಸಮಾಜವನ್ನೂ ಒಟ್ಟಿಗೆ ಓದಲು ಅದು ಒಳ್ಳೆಯ ಜಾಗ. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದ ಅಭಿವೃದ್ಧಿ ಅಧ್ಯಯನದ ಎಂ.ಎ.ಗೆ ಕುಟುಂಬದ ಆದಾಯ ನೋಡಿ ಶುಲ್ಕದಲ್ಲಿ ನೆರವು ಸಿಗುತ್ತದೆ. ಆದರೆ ನೇರವಾಗಿ ಹೇಳುತ್ತೇನೆ: ಮನೆಯಲ್ಲಿ ಹಣದ ತೊಂದರೆ ಇದ್ದರೆ ಸಾಲ ಮಾಡಿ ದುಬಾರಿ ಕೋರ್ಸ್ ಸೇರಬೇಡಿ. ಅರ್ಥಶಾಸ್ತ್ರದ ಎಂ.ಎ. ಪದವಿಯನ್ನು ಧಾರವಾಡದಲ್ಲಿ ಓದಿಯೂ ಈ ಕೆಲಸಕ್ಕೆ ಬರಬಹುದು, ಏಕೆಂದರೆ ಇಲ್ಲಿ ಕೆಲಸ ಕೊಡುವವರು ಪದವಿಯ ಹೆಸರಿಗಿಂತ ‘ನೀವು ಬರೆದದ್ದನ್ನು ತೋರಿಸಿ’ ಎಂದೇ ಮೊದಲು ಕೇಳುತ್ತಾರೆ. ಪದವಿ ಮುಗಿದೊಡನೆ ಪ್ರಯತ್ನಿಸಬಹುದಾದ ಇನ್ನೊಂದು ದಾರಿ, ದೆಹಲಿಯ ಪಿಆರ್‌ಎಸ್ ಶಾಸನ ಸಂಶೋಧನಾ ಸಂಸ್ಥೆಯ ‘ಲ್ಯಾಂಪ್’ ಫೆಲೋಶಿಪ್. 25 ವರ್ಷದೊಳಗಿನ ಪದವೀಧರರು ಸಂಸತ್ ಸದಸ್ಯರೊಬ್ಬರ ಜೊತೆ ಸುಮಾರು ಒಂದು ವರ್ಷ ಕೆಲಸ ಮಾಡುವ, ಸಂಭಾವನೆ ಸಹಿತವಾದ ಅವಕಾಶ ಅದು. ಮಸೂದೆಯೊಂದು ಹೇಗೆ ಹುಟ್ಟುತ್ತದೆ, ಎಲ್ಲಿ ಬದಲಾಗುತ್ತದೆ ಎಂಬುದನ್ನು ಅಷ್ಟು ಹತ್ತಿರದಿಂದ ನೋಡಲು ಬೇರೆಡೆ ಸಿಗುವುದು ಅಪರೂಪ.

ಇಂಗ್ಲಿಷ್ ಬೇಕು. ಬೇಡವೆಂದು ಹೇಳಿ ನಿಮ್ಮನ್ನು ಸಮಾಧಾನಪಡಿಸಿದರೆ ಅದು ಮೋಸವಾದೀತು. ಆದರೆ ಬೇಕಾದದ್ದು ಸರಾಗವಾಗಿ ಮಾತನಾಡುವ ಇಂಗ್ಲಿಷ್ ಅಲ್ಲ, ಕಾನೂನಿನ ವಾಕ್ಯವನ್ನು ಬಿಡಿಸಿ ಓದುವ ಮತ್ತು ಸಣ್ಣ ವಾಕ್ಯಗಳಲ್ಲಿ ತಪ್ಪಿಲ್ಲದೆ ಬರೆಯುವ ಇಂಗ್ಲಿಷ್. ಅದನ್ನು ಕಲಿಯಲು ನಾನು ಹೇಳುವ ಅಭ್ಯಾಸ ಇದು. 2023ರ ದತ್ತಾಂಶ ಸಂರಕ್ಷಣಾ ಕಾಯ್ದೆಯನ್ನು ಇಳಿಸಿಕೊಳ್ಳಿ. ಅದು ಕೇವಲ 44 ಸೆಕ್ಷನ್‌ಗಳ ಚಿಕ್ಕ ಕಾಯ್ದೆ. ದಿನಕ್ಕೊಂದು ಸೆಕ್ಷನ್ ಓದಿ, ಅದೇ ದಿನ ಅದನ್ನು ನಿಮ್ಮ ತಾಯಿಗೆ ಅರ್ಥವಾಗುವ ಕನ್ನಡದಲ್ಲಿ ಒಂದು ಪುಟ ಬರೆಯಿರಿ. ಐದನೆಯ ಸೆಕ್ಷನ್ನಿಗೆ ಬಂದಾಗ ಒಂದು ವಿಷಯ ಗಮನಿಸುತ್ತೀರಿ: ನಿಮ್ಮ ಮಾಹಿತಿ ಪಡೆಯುವ ಮುನ್ನ ಕಂಪನಿ ಕೊಡಬೇಕಾದ ಸೂಚನೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೆಯ ಅನುಸೂಚಿಯ 22 ಭಾಷೆಗಳಲ್ಲಿ ಯಾವುದರಲ್ಲಾದರೂ ಓದುವ ಆಯ್ಕೆ ನಿಮಗಿರಬೇಕು. ಅಂದರೆ ಕನ್ನಡದಲ್ಲಿ ಕೇಳುವುದು ನಿಮ್ಮ ಹಕ್ಕು. ಈ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿದ್ದು, ಕಂಪನಿಗಳ ಮುಖ್ಯ ಕರ್ತವ್ಯಗಳು ಜಾರಿಗೆ ಬರಲು 18 ತಿಂಗಳ ಕಾಲಾವಕಾಶ ಕೊಡಲಾಗಿದೆ. ಈ ಅವಧಿಯಲ್ಲಿ ನಿಮ್ಮ ಪೇಟೆಯ ಜನ ದಿನವೂ ಬಳಸುವ ಹತ್ತು ಆ್ಯಪ್‌ಗಳನ್ನು ತೆರೆದು, ಸಮ್ಮತಿ ಕೇಳುವ ಪುಟ ಯಾವ ಭಾಷೆಯಲ್ಲಿದೆ, ಕನ್ನಡದಲ್ಲಿದ್ದರೆ ಓದಿದವರಿಗೆ ಅರ್ಥವಾಗುತ್ತದೆಯೇ ಎಂದು ಇಪ್ಪತ್ತು ಜನರಿಗೆ ತೋರಿಸಿ ಬರೆದಿಡಿ. ಆ ಬರಹವೇ ನಿಮ್ಮ ಮೊದಲ ಸಂಶೋಧನೆ. ಕೆಲಸಕ್ಕೆ ಅರ್ಜಿ ಹಾಕುವಾಗ ಜೊತೆಗಿಡಬೇಕಾದದ್ದೂ ಅದೇ.

ಪ್ರಶ್ನೆ: ನನಗೆ 32 ವರ್ಷ. ಬೆಂಗಳೂರಿನಲ್ಲಿ 9 ವರ್ಷಗಳಿಂದ ಸಾಫ್ಟ್‌ವೇರ್ ಎಂಜಿನಿಯರ್ ಆಗಿದ್ದೇನೆ. ಕೆಲಸ ಹಂಚುವ, ರೇಟಿಂಗ್ ಲೆಕ್ಕ ಹಾಕುವ ವ್ಯವಸ್ಥೆಗಳನ್ನು ಕಟ್ಟಿದ ಅನುಭವವಿದೆ. ಅವು ಜನರ ಬದುಕಿನ ಮೇಲೆ ಏನು ಮಾಡುತ್ತವೆ ಎಂಬ ಪ್ರಶ್ನೆ ಈಗ ಬಿಡದೆ ಕಾಡುತ್ತಿರುವುದರಿಂದ ನೀತಿಯ ಕಡೆ ಬರಬೇಕೆಂದಿದ್ದೇನೆ. ಮನೆಸಾಲವಿದೆ, ಮಗು ಚಿಕ್ಕದು. ಈ ಬದಲಾವಣೆ ಸಾಧ್ಯವೇ?

ಉತ್ತರ: ಸಾಧ್ಯವಿದೆ, ಮತ್ತು ನಿಮ್ಮಂಥವರ ಅಗತ್ಯ ಈಗ ಕರ್ನಾಟಕದಲ್ಲೇ ಹೆಚ್ಚು. ರಾಜ್ಯವು 2025ರಲ್ಲಿ ಪ್ಲಾಟ್‌ಫಾರ್ಮ್ ಆಧಾರಿತ ಗಿಗ್ ಕಾರ್ಮಿಕರ, ಅಂದರೆ ಆ್ಯಪ್‌ಗಳ ಮೂಲಕ ಡೆಲಿವರಿಯಂಥ ಬಿಡಿ ಕೆಲಸ ಮಾಡುವವರ, ಸಾಮಾಜಿಕ ಭದ್ರತೆ ಮತ್ತು ಕಲ್ಯಾಣ ಕಾಯ್ದೆಯನ್ನು ತಂದಿತು. ಪ್ರತಿ ವಹಿವಾಟಿನಲ್ಲಿ ಕಾರ್ಮಿಕರಿಗೆ ಕೊಡುವ ಮೊತ್ತದ ಮೇಲೆ ಶೇ 1ರಿಂದ 5ರವರೆಗೆ ಕಲ್ಯಾಣ ಶುಲ್ಕ ಎಂಬ ಭಾಗ ಪತ್ರಿಕೆಗಳಲ್ಲಿ ಸಾಕಷ್ಟು ಬಂದಿದೆ. ನಿಮ್ಮ ಕಣ್ಣು ಬೀಳಬೇಕಾದದ್ದು ಬೇರೆ ಭಾಗದ ಮೇಲೆ. ಸ್ವಯಂಚಾಲಿತ ವ್ಯವಸ್ಥೆಯು ಕೆಲಸಗಾರರ ದುಡಿಮೆಯ ಮೇಲೆ ಪರಿಣಾಮ ಬೀರುವಂತಿದ್ದರೆ ಅದು ಹೇಗೆಂದು ಅವರಿಗೆ ತಿಳಿಸಬೇಕು ಎಂದೂ, ಕೆಲಸದಿಂದ ತೆಗೆಯುವ ಮೊದಲು ಲಿಖಿತ ಕಾರಣದೊಂದಿಗೆ 14 ದಿನಗಳ ನೋಟಿಸ್ ಕೊಡಬೇಕು ಎಂದೂ ಆ ಕಾಯ್ದೆ ಹೇಳುತ್ತದೆ. ಡೆಲಿವರಿ ಹುಡುಗರ ಬಾಯಲ್ಲಿ ಇದಕ್ಕೆ ಒಂದೇ ಮಾತಿದೆ: ‘ಐಡಿ ಬ್ಲಾಕ್’. ಬೆಳಿಗ್ಗೆ ಎದ್ದು ಆ್ಯಪ್ ತೆರೆದರೆ ಲಾಗಿನ್ ಆಗುವುದಿಲ್ಲ, ಕಾರಣ ಕೇಳಲು ಮನುಷ್ಯರು ಸಿಗುವುದಿಲ್ಲ. ಐಡಿ ಬ್ಲಾಕ್ ಆದದ್ದು ಗಿರಾಕಿಯ ದೂರಿನಿಂದಲೋ, ಜಿಪಿಎಸ್ ತಪ್ಪಿನಿಂದಲೋ, ಮುಖ ಗುರುತಿಸುವ ಫೋಟೊ ಹೊಂದದೆಯೋ ಎಂಬ ದಾಖಲೆ ವ್ಯವಸ್ಥೆಯೊಳಗೆ ಯಾವ ರೂಪದಲ್ಲಿ ಉಳಿಯುತ್ತದೆ, ಅದರಲ್ಲಿ ಎಷ್ಟನ್ನು ಕೆಲಸಗಾರನಿಗೆ ತೋರಿಸಲು ತಾಂತ್ರಿಕವಾಗಿ ಸಾಧ್ಯ ಎಂಬುದು ನಿಮಗೆ ಗೊತ್ತು. ಕಾನೂನು ಓದಿದವರಲ್ಲಿ ಬಹುಪಾಲು ಜನರಿಗೆ ಗೊತ್ತಿಲ್ಲ. ‘ಇದು ಆಗುವುದಿಲ್ಲ’ ಎಂದು ಕಂಪನಿಯ ಪ್ರತಿನಿಧಿಯೊಬ್ಬರು ಹೇಳಿದಾಗ, ಆಗುತ್ತದೆ ಮತ್ತು ಹೀಗೆ ಆಗುತ್ತದೆ ಎಂದು ಹೇಳಬಲ್ಲವರು ಆ ಕೋಣೆಯಲ್ಲಿ ಒಬ್ಬರಾದರೂ ಇರಬೇಕು.

ಸಂಬಳದ ಮಾತನ್ನು ಮುಚ್ಚಿಡುವುದಿಲ್ಲ. ಸಂಶೋಧನಾ ಸಂಸ್ಥೆಗಳಲ್ಲಿ ನಿಮ್ಮ ಈಗಿನ ಸಂಬಳ ಸಿಗುವುದಿಲ್ಲ. ಗಣನೀಯವಾಗಿ ಇಳಿಯುತ್ತದೆ, ಹುದ್ದೆಗಳು ಅನುದಾನದ ಅವಧಿಗೆ ತಕ್ಕಂತೆ ಒಂದೆರಡು ವರ್ಷದ ಗುತ್ತಿಗೆಯವೇ ಹೆಚ್ಚು. ಆದ್ದರಿಂದ ಕೆಲಸ ಬಿಡದೆ ಆರಂಭಿಸಿ ಎಂಬುದು ನನ್ನ ಖಚಿತ ಸಲಹೆ. ಸಾರ್ವಜನಿಕ ನೀತಿಯನ್ನು ಕಲಿಸುವ ಬೆಂಗಳೂರಿನ ತಕ್ಷಶಿಲಾ ಸಂಸ್ಥೆಯಲ್ಲಿ ಕೆಲಸ ಮಾಡುತ್ತಲೇ ಓದಬಹುದಾದ ಕಿರು ಅವಧಿಯ ಆನ್‌ಲೈನ್ ಕೋರ್ಸ್ ಇದ್ದು, ತಂತ್ರಜ್ಞಾನ ನೀತಿಯನ್ನು ಆಯ್ದುಕೊಳ್ಳಬಹುದು. ಸೆಂಟರ್ ಫಾರ್ ಇಂಟರ್ನೆಟ್ ಆ್ಯಂಡ್ ಸೊಸೈಟಿ, ಐಟಿ ಫಾರ್ ಚೇಂಜ್ ಮುಂತಾದ, ಅಂತರ್ಜಾಲ ಮತ್ತು ಸಮಾಜದ ಕುರಿತ ಸಂಶೋಧನಾ ಸಂಸ್ಥೆಗಳು ನಿಮ್ಮ ಊರಲ್ಲೇ ಇವೆ. ಅವುಗಳ ವರದಿಗಳನ್ನು ಓದಿ, ಸಾರ್ವಜನಿಕ ಸಭೆಗಳಿಗೆ ಹೋಗಿ, ತಾಂತ್ರಿಕ ತಪ್ಪು ಕಂಡಲ್ಲಿ ಬರೆದು ತಿಳಿಸಿ. ಕಂಪನಿಗಳ ಪಾಲಿಸಿ ತಂಡಗಳಲ್ಲಿ ಸಂಬಳ ಚೆನ್ನಾಗಿರುತ್ತದೆ, ಅದನ್ನು ಆರಿಸಿಕೊಳ್ಳುವುದರಲ್ಲಿ ತಪ್ಪಿಲ್ಲ. ಆದರೆ ಅಲ್ಲಿ ನೀವು ಬರೆಯುವ ಟಿಪ್ಪಣಿಯ ತೀರ್ಮಾನ ಎಷ್ಟೋ ಬಾರಿ ಮೊದಲೇ ನಿಗದಿಯಾಗಿರುತ್ತದೆ. ನಿಮ್ಮನ್ನು ಈ ಕಡೆ ತಂದದ್ದು ಒಂದು ಪ್ರಶ್ನೆಯೆಂದು ನೀವೇ ಬರೆದಿರುವುದರಿಂದ, ಆ ಪ್ರಶ್ನೆ ಕೇಳುವ ಸ್ವಾತಂತ್ರ್ಯ ಎಲ್ಲಿ ಉಳಿಯುತ್ತದೆ ಎಂದು ವಿಚಾರಿಸಿಯೇ ಸೇರಿ. ಸಂಶೋಧನಾ ಸಂಸ್ಥೆಗೂ ಇದೇ ಮಾತು: ಹಣ ಎಲ್ಲಿಂದ ಬರುತ್ತದೆ ಎಂಬುದನ್ನು ಅವರ ವಾರ್ಷಿಕ ವರದಿಯಲ್ಲಿ ನೋಡಿ.

ಪ್ರಶ್ನೆ: ಮಗಳು ಕಾನೂನು ಓದುತ್ತಿದ್ದಾಳೆ, ಅಂತರ್ಜಾಲ ನೀತಿಯಲ್ಲಿ ಮುಂದುವರಿಯುತ್ತೇನೆ ಎನ್ನುತ್ತಾಳೆ. ಇದಕ್ಕೆ ಕೆಎಎಸ್, ಐಎಎಸ್‌ನಂತೆ ಪರೀಕ್ಷೆ ಇದೆಯೇ? ಭದ್ರವಾದ ಕೆಲಸವೇ?

ಉತ್ತರ: ಇದಕ್ಕೆಂದೇ ಒಂದು ಪರೀಕ್ಷೆ ಇಲ್ಲ. ಸರ್ಕಾರದೊಳಗೆ ಈ ಕೆಲಸವನ್ನು ಅಧಿಕಾರಿಗಳ ಜೊತೆ ಗುತ್ತಿಗೆಯ ಸಲಹೆಗಾರರೂ ಯುವ ವೃತ್ತಿಪರರೂ ಮಾಡುತ್ತಾರೆ. ಆ ಅರ್ಥದಲ್ಲಿ ಪಿಂಚಣಿಯ ಭದ್ರತೆ ಕಡಿಮೆ. ಆದರೆ ಕಾನೂನು ಪದವಿ ಕೈಯಲ್ಲಿದ್ದರೆ ವಕೀಲಿಕೆಯ ದಾರಿ ಎಂದೂ ಮುಚ್ಚುವುದಿಲ್ಲ. ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ 250 ಕೋಟಿ ರೂಪಾಯಿವರೆಗೆ ದಂಡವಿರುವುದರಿಂದ ಬ್ಯಾಂಕು, ಆಸ್ಪತ್ರೆ, ಕಂಪನಿಗಳಿಗೆ ಈ ಕಾನೂನು ಬಲ್ಲವರು ಬೇಕೇ ಬೇಕು. ಇನ್ನೊಂದು ಮಾತು. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿದ ತೀರ್ಪು, 2012ರಲ್ಲಿ ಅರ್ಜಿ ಹಾಕಿದ ಕೆ.ಎಸ್. ಪುಟ್ಟಸ್ವಾಮಿಯವರ ಹೆಸರಿನಲ್ಲೇ ದೇಶದಾದ್ಯಂತ ಉಲ್ಲೇಖವಾಗುತ್ತದೆ. 2024ರಲ್ಲಿ ತೀರಿಕೊಂಡ ಅವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಗಳಾಗಿದ್ದರು. ನಿವೃತ್ತಿಯ ನಂತರ, ಆಧಾರ್ ಯೋಜನೆಗೆ ಆಗ ಶಾಸನದ ಬೆಂಬಲವಿಲ್ಲ ಎಂಬ ಒಂದು ಸಂದೇಹವನ್ನು ಹಿಡಿದು ನ್ಯಾಯಾಲಯದ ಮೆಟ್ಟಿಲು ಹತ್ತಿದವರು. ಮಗಳು ಆ ತೀರ್ಪನ್ನು ಓದಿದ್ದಾಳೆಯೇ ಎಂದು ಕೇಳಿ. ಓದಿ, ಅದರ ಬಗ್ಗೆ ಊಟದ ಹೊತ್ತಿನಲ್ಲಿ ನಿಮ್ಮೊಂದಿಗೆ ವಾದಿಸುತ್ತಿದ್ದರೆ ಅವಳನ್ನು ತಡೆಯಬೇಡಿ.

ಪ್ರಶ್ನೆ: ನಾನು ಕನ್ನಡ ಎಂ.ಎ. ವಿದ್ಯಾರ್ಥಿ. ಲಿಪಿ, ವ್ಯಾಕರಣಗಳಲ್ಲಿ ಆಸಕ್ತಿ. ಈ ಕ್ಷೇತ್ರದಲ್ಲಿ ಭಾಷೆ ಓದಿದವರಿಗೆ ಏನಾದರೂ ಕೆಲಸವಿದೆಯೇ, ಅಥವಾ ಅನುವಾದವಷ್ಟೇ ಗತಿಯೇ?

ಉತ್ತರ: ಅನುವಾದವನ್ನು ಕಡಿಮೆಯೆಂದು ನೋಡಬೇಡಿ, ಮೇಲೆ ಹೇಳಿದ ಸಮ್ಮತಿಯ ಸೂಚನೆಗಳು ಕನ್ನಡದಲ್ಲಿ ಬರಬೇಕಾದಾಗ, ಓದಿದರೆ ತಿಳಿಯುವ ಕನ್ನಡವನ್ನು ಬರೆಯುವವರು ಬೇಕು. ಅದಲ್ಲದೆ ಲಿಪಿ ಬಲ್ಲವರಿಗಷ್ಟೇ ಎಟಕುವ ಕೆಲಸವೊಂದಿದೆ. ಜಾಲತಾಣದ ವಿಳಾಸವನ್ನು ಪೂರ್ತಿ ಕನ್ನಡದಲ್ಲಿ, ಕೊನೆಗೆ ‘.ಭಾರತ’ ಎಂದು ಬರೆಯಲು ಈಗ ಅವಕಾಶವಿದೆ. ವಿಳಾಸದ ಆ ಕೊನೆಯ ಭಾಗಗಳಿರುವ ಮೂಲ ಪಟ್ಟಿಯನ್ನು ನೋಡಿಕೊಳ್ಳುವುದು 1998ರಲ್ಲಿ ಆರಂಭವಾದ ಐಕ್ಯಾನ್ ಎಂಬ ಅಂತರರಾಷ್ಟ್ರೀಯ ಸಂಸ್ಥೆ. ಆ ಪಟ್ಟಿಯಲ್ಲಿ ಯಾವ ಲಿಪಿಯ ಯಾವ ಅಕ್ಷರ, ಯಾವ ಕ್ರಮದಲ್ಲಿ ಬರಬಹುದು ಎಂಬ ನಿಯಮವನ್ನು ಆಯಾ ಭಾಷೆಯ ಬಲ್ಲವರ ಸಮಿತಿ ರೂಪಿಸುತ್ತದೆ. ಕನ್ನಡ, ತೆಲುಗು, ದೇವನಾಗರಿ ಮುಂತಾದವನ್ನು ನವಬ್ರಾಹ್ಮೀ ಎಂಬ ಒಂದೇ ಗುಂಪಿನಡಿ ಪರಿಶೀಲಿಸಲಾಯಿತು. ಕನ್ನಡದ ಜ, ಬ, ಲ ಅಕ್ಷರಗಳನ್ನು ತೆಲುಗಿನವುಗಳ ಪಕ್ಕದಲ್ಲಿಟ್ಟು ನೋಡಿ: ಚಿಕ್ಕ ಪರದೆಯಲ್ಲಿ ವ್ಯತ್ಯಾಸ ಹಿಡಿಯುವುದು ಕಷ್ಟ. ಬ್ಯಾಂಕಿನ ವಿಳಾಸದಲ್ಲಿ ಒಂದು ಅಕ್ಷರವನ್ನು ಹೀಗೆ ಬದಲಿಸಿ ಜನರ ಹಣ ದೋಚಬಹುದಾದ್ದರಿಂದ, ಎರಡು ಲಿಪಿಗಳ ನಡುವಿನ ಇಂಥ ಜೋಡಿಗಳನ್ನು ಒಂದೊಂದಾಗಿ ಗುರುತಿಸಿ ಪಟ್ಟಿ ಮಾಡಬೇಕಾಗುತ್ತದೆ. ‘ರಾಜ್‌ಕುಮಾರ್’ ಎಂದು ಬರೆಯುವಾಗ ಜ್ ಮತ್ತು ಕು ಕೂಡಿಕೊಂಡು ಒತ್ತಕ್ಷರವಾಗದಂತೆ ನಾವು ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತವನ್ನು ಹಾಕುತ್ತೇವೆ. ಕಣ್ಣಿಗೆ ಕಾಣದ್ದು ಮೋಸಕ್ಕೆ ದಾರಿ ಎಂಬ ಕಾರಣದಿಂದ ಮೂಲ ಪಟ್ಟಿಯ ನಿಯಮಗಳಲ್ಲಿ ಆ ಸಂಕೇತಕ್ಕೆ ಜಾಗವಿಲ್ಲ. ಹಾಗಾಗಿ ಅಲ್ಲಿ ಈ ಹೆಸರನ್ನು ನಾವು ಬರೆಯುವಂತೆಯೇ ಬರೆಯಲು ಬರುವುದಿಲ್ಲ. ಭದ್ರತೆ ದೊಡ್ಡದೋ ಬರವಣಿಗೆಯ ರೂಢಿ ದೊಡ್ಡದೋ ಎಂಬ ಇಂಥ ಪ್ರಶ್ನೆಗೆ ವ್ಯಾಕರಣ ಓದಿದವರು ಮೇಜಿನ ಬಳಿ ಇಲ್ಲದಿದ್ದರೆ ಉತ್ತರವನ್ನು ಬೇರೆಯವರು ಬರೆಯುತ್ತಾರೆ. ಐಕ್ಯಾನ್ ಸಭೆಗಳಿಗೆ ವಿದ್ಯಾರ್ಥಿಗಳನ್ನು, ಹೊಸಬರನ್ನು ಪ್ರಯಾಣ ವೆಚ್ಚ ಕೊಟ್ಟು ಕರೆಸಿಕೊಳ್ಳುವ ಫೆಲೋಶಿಪ್‌ಗಳಿವೆ. ಅರ್ಜಿ ಹಾಕುವ ಮೊದಲು ಕನ್ನಡದ ಅಕ್ಷರ ನಿಯಮಗಳ ಕಡತವನ್ನು ಐಕ್ಯಾನ್ ಜಾಲತಾಣದಿಂದ ಇಳಿಸಿಕೊಂಡು ಓದಿ. ಅದರಲ್ಲಿ ನಿಮಗೆ ಒಪ್ಪಿಗೆಯಾಗದ ಒಂದು ಅಂಶ ಕಂಡರೆ, ಅದರ ಮೇಲೆಯೇ ನಿಮ್ಮ ಎಂ.ಎ. ಕಿರುಪ್ರಬಂಧವನ್ನು ಬರೆಯಿರಿ.